ಒಂದಗುಳಿನ ಲೆಕ್ಕ

ಕೋಲು ಹಾಕುವವನ ತೂಕ, ಕಾಳು ಬಡಿಯುವವಳ ತೂಕ
ಒಂದಕ್ಕೊಂದು ಹೊಂದಬೇಕು ದೋಣಿಯಲ್ಲಿ.
ಹಾಸಿಗೆಯಲ್ಲಿ ಹೊಂದದಿದ್ದರೂ ನಡೆದೀತು.
ಈ ವರ್ಷ ನನ್ನ ಜೊತೆಗಾತಿ ಮೊಣಕಾಲು ಮುರಿದುಕೊಂಡಳು,
ಎಲ್ಡನ್‌ಗೂ ಯಾರೂ ಸಿಗಲಿಲ್ಲ.
ಕೋರ್ಟಿನಲ್ಲಿ ಬಿಟ್ಟ ಗಂಡನ ದೋಣಿಗೆ
ಆರು ವರ್ಷದ ಮೇಲೆ ಕಾಲಿಟ್ಟೆ.

ಚಿಟಿಕೆ ಹೊಗೆಸೊಪ್ಪು ನೀರಿಗೆ ಬಿಟ್ಟು
ಮುಳ್ಳುಹಂದಿ ಸರೋವರದ ಹುಲ್ಲೊಳಗೆ ಹೊಕ್ಕೆವು.
ಅವನು ನಿಂತು ಕೋಲು ಊರುತ್ತಾನೆ.
ನಾನು ಕೂತು ಒಂದು ಕಡ್ಡಿಯಿಂದ ತೆನೆ ಬಾಗಿಸಿ
ಇನ್ನೊಂದರಿಂದ ಸವರುತ್ತೇನೆ. ಬಡಿಯುವುದೆಂದು ಹೆಸರು,
ನಿಜಕ್ಕೆ ಮಗುವಿನ ಬೆನ್ನು ತಟ್ಟುವಷ್ಟೆ.
ದೋಣಿಗೆ ಬಿದ್ದದ್ದು ನಮಗೆ,
ನೀರಿಗೆ ಜಾರಿದ್ದು ಬರುವ ವರ್ಷಕ್ಕೆ.
ಇಡೀ ದಿನ ಆಡಿದ ಮಾತು ಮೂರು:
ಎಡಕ್ಕೆ. ಸಾಕು. ತಲೆ ಬಗ್ಗಿಸು.

ಒಣಗಿಸಿದೆವು, ಕಬ್ಬಿಣದ ಕೊಪ್ಪರಿಗೆಯಲ್ಲಿ ಹುರಿದೆವು,
ಕೂದಲಿಗೆ ಹತ್ತಿದ ಹೊಗೆ ಮೂರು ಸ್ನಾನಕ್ಕೂ ಬಿಡಲಿಲ್ಲ.
ಮಗಳು ಟ್ರೀನಾ ಹೊಸ ಮೊಕಾಸಿನ್ ತೊಟ್ಟು
ಗುಂಡಿಯಲ್ಲಿ ಕುಣಿದು ಸಿಪ್ಪೆ ಬಿಡಿಸಿದಳು.
ಬರ್ಚ್ ತೊಗಟೆಯ ಮೊರದಲ್ಲಿ ಅಕ್ಕ ಲವಿನಾ ಕೇರಿದಳು.
ಪಾಲಾಯಿತು. ಅವನದು ಅವನಿಗೆ, ನನ್ನದು ನನಗೆ.
ಮುಗಿಯಿತಲ್ಲ ಅಂದುಕೊಂಡೆ.

ಭಾನುವಾರ ಸಂಜೆ ಬಾಗಿಲಲ್ಲಿ ನಿಂತಿದ್ದಾನೆ,
ಕೈಯಲ್ಲಿ ಹಿಟ್ಟಿನ ಚೀಲದ ತುಂಬ ಅಣಬೆ.
ಜೇನುಬಣ್ಣದವು, ಸತ್ತ ಓಕ್ ಮರದ ಬುಡದಲ್ಲಿ
ಗೊಂಚಲು ಗೊಂಚಲಾಗಿ ಏಳುವಂಥವು.
ಹೆಚ್ಚುಕಡಿಮೆ ಅದೇ ಬಣ್ಣದ ಇನ್ನೊಂದು ಜಾತಿಯೂ
ಅಲ್ಲೇ ಪಕ್ಕದಲ್ಲಿ ಏಳುತ್ತದೆ.
ಉಂಡೆದ್ದಾಗ ಏನೂ ಆಗಿರುವುದಿಲ್ಲ,
ವಾರದೊಳಗೆ ಆಗಲು ಏನೂ ಉಳಿದಿರುವುದಿಲ್ಲ.
ಬಿಟ್ಟ ಗಂಡ ಕಿತ್ತ ಅಣಬೆ!
ಯಾವ ಅಜ್ಜಿಯೂ ಇದಕ್ಕೊಂದು ಗಾದೆ ಕಟ್ಟಿಟ್ಟು ಹೋಗಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ
ಕಂಕುಳಿಂದ ಟ್ರಕ್ಕಿನ ವಿಮೆಯ ಕಪ್ಪು ಫೈಲು ತೆಗೆದ.
ರಾತ್ರಿಯಿಡೀ ಅದರ ಮೇಲೊಂದು ಅಣಬೆಯ ಕೊಡೆ ಕವುಚಿಟ್ಟಿದ್ದನಂತೆ.
ಬಿಳಿ ಧೂಳಿನ ಒಂದು ಚಕ್ರ,
ಕೂದಲೆಳೆಯಂಥ ಅರಗಳು, ನಡುವೆ ಖಾಲಿ ಗುಂಬ.
ಬಿಳಿಯಾದರೆ ಊಟ, ಕಂದಾದರೆ ಗೋರಿ.
‘ನೀನು ಕೇಳುತ್ತೀಯೆಂದು ಗೊತ್ತಿತ್ತು’ ಅಂದ.
ಹತ್ತೊಂಬತ್ತು ವರ್ಷದ ಸಂಸಾರದಲ್ಲಿ
ಕೇಳುವ ಮೊದಲೇ ಅವನು ತಂದ ಉತ್ತರ
ನನಗೆ ನೆನಪಿರುವಂತೆ ಇನ್ನೊಂದಿಲ್ಲ.

ಆದರೂ ಅಣಬೆ ಒಂದು ಸಲ ಕುದಿಸಿ ನೀರು ಚೆಲ್ಲಿದೆ.
ನಂಬಿಕೆಯ ಮಾತು ಬೇರೆ, ಹೊಟ್ಟೆಯ ಮಾತು ಬೇರೆ.
ಬಾಣಲೆಯಲ್ಲಿ ಉಪ್ಪು ಹಚ್ಚಿದ ಹಂದಿಕೊಬ್ಬು ಚಟಗುಟ್ಟಿತು,
ಈರುಳ್ಳಿ, ಹೋದ ನವೆಂಬರಿನ ಜಿಂಕೆಮಾಂಸ.
ಅಣಬೆ ಬಿದ್ದು ಮೊದಲು ಅತ್ತಿತು,
ಅತ್ತದ್ದನ್ನೆಲ್ಲ ತಾನೇ ಕುಡಿದು ಕೆಂಪಗಾಯಿತು.
ಮೇಪಲ್ ಪಾಕ ಒಂದು ಚಮಚ ಅಂದರೆ
ಟ್ರೀನಾ ಮೂರು ಸುರಿದಳು.

ಪಕ್ಕದ ಒಲೆಯಲ್ಲಿ ಮನೋಮಿನ್, ನಮ್ಮ ಕಾಡಕ್ಕಿ.
ಅಂಗಡಿಯ ಡಬ್ಬಿಯ ಕರಿ ಮೊಳೆಯಂಥದ್ದಲ್ಲ,
ಮುಚ್ಚಳ ತೆಗೆದರೆ ಅಡುಗೆಮನೆಗೇ ಸರೋವರ ಬರುತ್ತದೆ,
ಹಿಂದೆಯೇ ಹುರಿದ ದಿನದ ಹೊಗೆ.
ಒಂದಗುಳು ಹಿಸುಕಿದರೆ ಇಡೀ ಅನ್ನ ತಿಳಿಯಿತು ಎನ್ನುವವರು
ಈ ಕಾಳು ಬೇಯಿಸಿ ನೋಡಲಿ.
ಒಂದು ಹೊಟ್ಟೆ ಬಿರಿದು ಬೆಳ್ಳಗೆ ಸುರುಳಿಯಾಗಿದ್ದರೆ
ಪಕ್ಕದ್ದು ಇನ್ನೂ ಸೂಜಿ.
ಹತ್ತು ಅಗುಳು ಹಿಸುಕಿದೆ, ಹತ್ತೂ ಹತ್ತು ಹೇಳಿದವು.

ಮೊದಲ ತುತ್ತು ಅವನೇ ತಿಂದ,
ನಮ್ಮಿಬ್ಬರ ಮುಖ ನೋಡುತ್ತ, ನಿಧಾನ.
ಟ್ರೀನಾಗೆ ನಗು ತಡೆಯಲಿಲ್ಲ.
ಎರಡನೆಯ ಸಲ ಬಡಿಸುವಾಗ ‘ಸಾಕು’ ಅಂದ,
ನಾನು ಸೌಟು ನಿಲ್ಲಿಸಲಿಲ್ಲ, ಅವನು ತಟ್ಟೆ ಎಳೆಯಲಿಲ್ಲ.
ತಿಂದ ತಟ್ಟೆ ತೊಳೆದಿಟ್ಟು ಹೋದ. ಹಿಂದೆ ತೊಳೆಯುತ್ತಿರಲಿಲ್ಲ.

ಬೆಳಗ್ಗೆ ಎದ್ದೆ. ಹೊಟ್ಟೆ ನೆಟ್ಟಗಿತ್ತು.
ಫ್ರಿಜ್ಜಿನ ಮೇಲೆ ಕಪ್ಪು ಫೈಲು ಹಾಗೇ ಇದೆ,
ಚಕ್ರ ಅಲುಗಿಲ್ಲ. ನಾನೂ ಊದಲಿಲ್ಲ.
ವಿಮೆಯ ಕಾಗದವಿಲ್ಲದೆ ಅಷ್ಟು ದೂರ ಟ್ರಕ್ಕು ಓಡಿಸಿದ್ದಾನೆ.
ಫೋನು ಮಾಡಿ ಹೇಳಬೇಕು.
ಮಾಡಿದರಾಯಿತು,
ಮಿಕ್ಕಿದ್ದನ್ನು ಬಿಸಿಮಾಡಿಕೊಂಡ ಮೇಲೆ.