ಎಡಗಡಿ ಗ್ವಾಡಿ

ಮುಂಜಾನಿ ಒಂಬತ್ತರೊಳಗ ಗಿರಾಕಿ ತರತೀನಿ ಅಂದಾನ ಮಶಾಕಸಾಬ.
ಮಧ್ಯಾಹ್ನ ಮೂರಕ್ಕ ಕಲಬುರಗಿಯಾಗ
ಯಾರಿಗೂ ಯಾವ ಮನಿನೂ ತೋರಿಸಬಾರದಂತ,
ತೋರಿಸಿದರ ಮನಿ ಕಾಣಂಗಿಲ್ಲ, ಭಟ್ಟಿ ಕಾಣತದ.

ನಮ್ಮವ್ವನೂ ಹಿಂಗೇ ಹೊತ್ತು ನೋಡತಿದ್ದಳು:
ದೀಪ ಹಚ್ಚಿದ ಮ್ಯಾಲೇ ಬರ್ರಿ,
ಹುಡುಗಿ ಆಗ ಬಂದಿರ್ತಾಳ.
ನಾನು ಮುಂಜಾನಿಂದ ಮನಿಯಾಗೇ ಇರತಿದ್ದೆ,
ಮಾರಿಗಿ ಕಡ್ಲಿಹಿಟ್ಟು ಹಚ್ಚಿಕೊಂಡು, ಅಡಗಿಮನಿ ಬಾಗಲ ಹಿಂದ.
ನಲವತ್ತು ಕ್ಯಾಂಡಲಿನ ಬಲ್ಬಿಗಿ
ನನ್ನ ಬಣ್ಣ ಎರಡಾಣೆ ಏರತಿತ್ತು.

ಮೂರು ದಿನದಿಂದ ಕೆಲಸ ನಡದದ.
ಟ್ರೆಝರಿ ಆಫೀಸಿನ್ಯಾಗ ಮೂವತ್ತೊಂದು ವರ್ಷ
ಮಂದಿ ಬಿಲ್ಲಿನ್ಯಾಗ ತಪ್ಪು ಹುಡುಕಿದಾಕಿ
ಈಗ ನನ್ನ ಮನಿ ತಪ್ಪಿಗಿ ಸುಣ್ಣ ಬಳೀಲಕತ್ತೀನಿ.

ಸತ್ತವರ ಫೋಟೋ ತಗೀರಿ ಬಾಯಿ,
ಮಾಲಿ ಹಾಕಿದ್ದು ಕಂಡರ ಗಿರಾಕಿ ಎಣಿಸ್ಲಕ್ಕ ಕೂಡತಾನ,
ಈ ಮನಿಯಾಗ ಎಷ್ಟು ಮಂದಿ ಹೋದರಂತ.
ಅವ್ವ ಅಪ್ಪ ಇಬ್ಬರನ್ನೂ ತೊಗರಿಬ್ಯಾಳಿ ಡಬ್ಬಿ ಹಿಂದ ನಿಲ್ಲಿಸೀನಿ.
ಅಪ್ಪ ಸುಮ್ಮನಿದ್ದಾನ.
ಅವ್ವ ಡಬ್ಬಿ ಮ್ಯಾಲಿಂದ ಇಣಕಲಕತ್ತಾಳ.

ನಳ ನಾಲ್ಕು ದಿನಕ್ಕೊಮ್ಮೆ, ಅದು ಹೇಳಬ್ಯಾಡ್ರಿ.
ಹೌಜು ತುಂಬಿಸಿ ಮುಚ್ಚಳ ತೆರೆದಿಡ್ರಿ,
ನೀರಿನ್ಯಾಗ ಮುಗಲು ಕಾಣಲಿ.
ಹಿಂದಿನ ಗ್ವಾಡಿ ಬಿರುಕಿಗಿ ಕಪಾಟು ಸರಸ್ರಿ.
ಯಾಕ ಮಾರತೀರಿ ಅಂತ ಕೇಳಿದರ
ಮಗಳು ಕರೀಲಕತ್ತಾಳ ಅನ್ರಿ.
ಯಾವ ಮಗಳೋ ಸಾಬ, ಅಂದೆ.
ಇರ್ತಾಳ ಬಿಡ್ರಿ, ಪುಣೆದಾಗ, ಅಂದ.

ನಿನ್ನೆ ಫರಸಿಗಿ ಕೊಬ್ಬರಿ ಎಣ್ಣಿ ಒರಸಿದೆ.
ಶಹಾಬಾದ ಕಲ್ಲು, ಅಪ್ಪ ಬಂಡ್ಯಾಗ ತಂದು ಹಾಸಿದ್ದು.
ಪಡಸಾಲಿಯಾಗ ಎಡಗಡಿ ಗ್ವಾಡಿ ಹತ್ತಿರ
ಒಂದು ಹಾಸಿನ ಮ್ಯಾಲ ಕೈ ನಿಂತಿತು.
ಈ ಕಲ್ಲು ನನಗ ಬಾಯಿಪಾಠ:
ಭೀಮಾ ಹರದಂಗ ಒಂದು ಬಿಳಿ ಗೆರಿ,
ಮೂಲ್ಯಾಗ ಹಾರಿ ಬಡಿದು ಎದ್ದ ಚಕ್ಕಿ,
ನಡುವ ಕಡ್ಲಿಕಾಳಿನಷ್ಟು ತೂತು.
ಹನ್ನೊಂದು ಸಲ ತಲಿ ತಗ್ಗಿಸಿ ಕುಂತಾಗ
ನೋಡ್ಲಕ್ಕ ನನಗ ಸಿಕ್ಕಿದ್ದು ಇದೇ.
ಒಬ್ಬನ ಮಾರಿನೂ ನೆನಪಿಲ್ಲ.

ನನ್ನ ಎಡಗಿವಿ ಹುಟ್ಟಿನಿಂದ ಕೇಳಂಗಿಲ್ಲ.
ಆ ಕಿವಿ ಗ್ವಾಡಿ ಕಡಿ ಮಾಡಿ ಕೂಡಸತಿದ್ದಳು ಅವ್ವ,
ಕೇಳೋರೆಲ್ಲ ಬಲಕ್ಕ.
ಹಾಡು ಬರತದ? ಬರತದ.
ಹೋಳಗಿ? ಬರತದ.
ಸೂಸಲಾ ತಿಂದು, ಕೈ ತೊಳಕೊಂಡು,
ತಿಳಿಸ್ತೀವಿ ಅಂತಿದ್ದರು.
ಚಿತ್ತಾಪುರದವರಿಗಿ ಮಾತ್ರ ಗೊತ್ತಾತು.
ಹುಡುಗನ ಸ್ವಾದರಮಾವ ತಂಬಾಕು ಉಗುಳಲಕ್ಕ ಎದ್ದವ
ಒಳಗ ಬರೋವಾಗ ಗ್ವಾಡಿಗುಂಟ ಬಂದು,
ನನ್ನ ಹಿಂದ ಬಗ್ಗಿ,
ಹೆಸರೇನವಾ ಅಂತ ಕೇಳಿದ್ದನಂತ. ಎರಡು ಸಲ ಕೇಳಿದ್ದನಂತ.

ಇವತ್ತು ಬಂದವರು ಸೇಡಂ ಕಡಿಯವರು.
ಗಂಡ ಟೇಪು ಹಿಡಿದು ಅಳೀಲಕತ್ತಾನ.
ಹೆಂಡತಿ, ಮಹಾನಂದಾ ಅಂತ, ಗ್ವಾಡಿ ಬಡಿದು ನೋಡತಾಳ,
ಬೆರಳಿಗಿ ಹತ್ತಿದ ಸುಣ್ಣ ಮೂಸತಾಳ.
ಆಕಿ ನನ್ನ ಮನಸಿಗಿ ಬಂದಳು.
ಅಷ್ಟರಾಗ ಮಶಾಕಸಾಬ ಮಗಳ ಕಥಿ ಸುರು ಮಾಡಿ
ಪುಣೆದಾಗ ಆಕಿಗೊಂದು ಗಂಡುಕೂಸೂ ಹುಟ್ಟಿಸಿದ್ದ.

ಏನರ ಐಬು ಅದ ಏನ್ರಿ, ಅಂದಳು.

ಕಪಾಟಿಗಿ ಹೆಗಲು ಕೊಟ್ಟೆ. ಕಿರ್ರಂತು.
ಬಿರುಕು ನೋಡ್ರಿ.
ಭೂಕಂಪ ಆದ ವರ್ಷದ್ದು, ಅಲ್ಲಿಂದ ಒಂದು ಕೂದಲ ಬೆಳದಿಲ್ಲ.
ನಳ ನಾಲ್ಕು ದಿನಕ್ಕೊಮ್ಮೆ.
ಹಿಂದಿನ ಖೋಲಿ ಬ್ಯಾಸಗಿಗಿ ಹಪ್ಪಳ ಸುಡತದ.
ನನಗ ಮಗಳಿಲ್ಲ.
ಜೇವರ್ಗಿ ರೋಡಿಗಿ ಲಿಫ್ಟಿನ ಫ್ಲಾಟು ನೋಡೀನಿ,
ಸೇರಿತು, ಅದಕ್ಕ ಮಾರತೀನಿ.

ಮಶಾಕಸಾಬ ಕೆಮ್ಮಿದ. ಅಂಗಳಕ್ಕ ಹೋಗಿ ಮತ್ತ ಕೆಮ್ಮಿದ.

ಗಂಡ ಟೇಪು ಸುತ್ತಿಕೊಂಡ.
ಚಾದ ಕಪ್ಪು ಕಿಟಕ್ಯಾಗಿಟ್ಟು
ಮಹಾನಂದಾ ಚಪ್ಪಲಿ ಮೆಟ್ಟಿಕೊಳ್ತಾ ಏನೋ ಅಂದಳು,
ನನ್ನ ಎಡಕ್ಕ ನಿಂತು.
ತಿಳಿಸ್ತೀವಿ ಅಂದಳೋ,
ಎಷ್ಟು ಕಮ್ಮಿ ಮಾಡ್ತೀರಿ ಅಂದಳೋ.

ಈ ಕಡಿ ಬಂದು ಹೇಳ್ರಿ, ಅಂದೆ,
ಆ ಕಿವಿ ಕೇಳಂಗಿಲ್ಲ.