ಇನ್ನೂರು ಹೆಜ್ಜೆ ಕೆಳಗೆ

ಅಂಚೆ ಕಚೇರಿಯ ಕೀಲಿ ಸೊಂಟದಲ್ಲೇ ಇದೆ.
ಒಂಬತ್ತಕ್ಕೆ ಬಾಗಿಲು ತೆಗೆಯಬೇಕು.
ಈಗ ಐದೂವರೆ, ಕುಂತಿಬೆಟ್ಟದ ಬುಡ;
ಬಂಡೆಗೆ ರಾತ್ರಿಯ ಥಂಡಿ ಇನ್ನೂ ಅಂಟಿಕೊಂಡಿದೆ,
ಅಂಗೈ ಇಟ್ಟರೆ ಹಿತ್ತಾಳೆ ಬಿಂದಿಗೆ ಮುಟ್ಟಿದ ಹಾಗೆ.

ಹೋದ ವರ್ಷ ಫೆಬ್ರವರಿಯಿಂದ ಮೇ ತನಕ
ದಿನಾ ಹೀಗೇ ಹತ್ತಿದ್ದೆ,
ಬೆನ್ನಚೀಲದಲ್ಲಿ ಷೇರಿನ ಸಕ್ಕರೆ ಆರು ಕಿಲೋ,
ಹಿಮಾಲಯಕ್ಕೆ ಅಭ್ಯಾಸ.
ಮೂರನೇ ದಿನವೇ ಇರುವೆಗಳು ಸುದ್ದಿ ತಿಳಿದು
ಹೊಲಿಗೆಗುಂಟ ಸಾಲುಗಟ್ಟಿ
ನನಗಿಂತ ಮೊದಲು ತುದಿ ಮುಟ್ಟಿದವು.
ಐವತ್ತಮೂರಕ್ಕೆ ಇದೇನು ಹುಚ್ಚು ಅಂದರು ಮನೆಯಲ್ಲಿ.
ರಜೆ ಉಳಿದಿತ್ತು, ಅಂದೆ.
ಮೂವತ್ತು ವರ್ಷ ಊರೂರಿನ ಹೆಸರಿಗೆ ಮುದ್ರೆ ಒತ್ತಿದವಳಿಗೆ
ಒಂದು ಊರನ್ನಾದರೂ ಕಾಲಲ್ಲಿ ಓದಬೇಕು ಅಂತಿತ್ತು.

ಅಲ್ಲಿ,
ಹದಿಮೂರು ಸಾವಿರ ಅಡಿಯ ಮೇಲೆ,
ಹುಲ್ಲು ನಿಂತುಹೋಗಿ ಬರೀ ಕಲ್ಲು ಶುರುವಾದಲ್ಲಿ
ನನ್ನ ಉಸಿರು ಹಿಂದುಳಿಯಿತು.
ಕರೆದೆ. ಬರಲಿಲ್ಲ.
ಹಣೆಯೊಳಗೆ ಯಾರೋ ಕಾಯಿ ಒಡೆಯುತ್ತಿದ್ದರು.
ಗೈಡು ಕುಂದನ್ ದಿಣ್ಣೆ ತೋರಿಸಿದ, ಅದರ ನೆತ್ತಿಯ ಬಾವುಟ:
ಇನ್ನೂರು ಹೆಜ್ಜೆ ದೀದಿ, ಆಚೆ ಪೂರಾ ಹಿಮನದಿ.
ಹನ್ನೊಂದು ಇಟ್ಟೆ. ಕೂತೆ.
ಉಳಿದವರು ಹತ್ತಿಹೋದರು ಬಣ್ಣಬಣ್ಣದ ಬೆನ್ನುಗಳಾಗಿ.
ನಾನು, ಒಂದು ಕಡಲೆಮಿಠಾಯಿ,
ಮತ್ತು ಗಾಳಿ.

ಆಗ ಕೇಳಿಸಿತು.

ಇಳಿದು ಬಂದವರ ಮುಖ ತೊಳೆದಿಟ್ಟ ತಟ್ಟೆ.
ಫೋನು ಮುಂದೆ ಹಿಡಿದರು, ನೋಡಿ ಮೇಡಂ, ನೋಡಿ.
ಕಣ್ಣು ಮುಚ್ಚಿಕೊಂಡೆ.
ಬೆರಳಗಲದ ಗಾಜಲ್ಲಿ ನೋಡಿಬಿಟ್ಟಿದ್ದರೆ
ಕಾಣದೆ ಉಳಿದದ್ದೂ ನನ್ನದಾಗಿ ಉಳಿಯುತ್ತಿರಲಿಲ್ಲ.

ಊರಿಗೆ ಬಂದು ಮಾತ್ರ ಸುಳ್ಳು ಹೇಳಿದೆ.
ಕೌಂಟರಿನ ಆಚೆ ಕೇಳಿದವರಿಗೆಲ್ಲ
ಒಂದೇ ಮುದ್ರೆ: ನೋಡಿದೆ, ಬೆಳ್ಳಗಿತ್ತು.
ಸಂಜೆ ವಾಪಸಾದ ಲಕೋಟೆಗಳ ಮೇಲೆ
'ವಿಳಾಸದಾರರು ಸಿಗಲಿಲ್ಲ' ಬರೆಯುವಾಗ
ಪೆನ್ನು ಒಂದು ಗಳಿಗೆ ತಡೆಯುತ್ತಿತ್ತು.

ಈವತ್ತು ಎರಡನೇ ತಿರುವಿನಲ್ಲಿ ಚಿಕ್ಕಬೋರಮ್ಮ,
ಬರಿಗಾಲು, ಹದಿನಾಲ್ಕು ಮೇಕೆ, ತಲೆಗೆ ಟವೆಲು.
'ಪೋಸ್ಟಮ್ಮಾರೇ, ಅದೇನೋ ಐಸಿನ ಹೊಳೆ ನೋಡಕ್ ಹೋಗಿದ್ರಂತೆ?'
ಇಷ್ಟು ಬೆಳಗ್ಗೆ, ಇಷ್ಟು ಹತ್ತಿದ ಮೇಲೆ,
ಸುಳ್ಳಿಗೆ ಬೇಕಾದ ಉಸಿರಿರಲಿಲ್ಲ.
'ನೋಡಲಿಲ್ಲ ಕಣಕ್ಕ. ಕೇಳಿದೆ.'
'ಏನಂತು?'

ಏನಂತು. ಯಾರೂ ಹೀಗೆ ಕೇಳಿರಲಿಲ್ಲ.
ಹೇಳಿದೆ: ಫ್ಯಾಕ್ಟರಿ ಗೇಟಲ್ಲಿ ಹಗ್ಗ ಬಿಚ್ಚಿದಾಗ
ಗಾಡಿಯ ಕಬ್ಬೆಲ್ಲ ಒಂದೇ ಸಲ ಜಾರುತ್ತಲ್ಲ, ಹಾಗೆ;
ಆಮೇಲೆ ತುಂಬ ಹೊತ್ತು ಏನೂ ಇಲ್ಲ;
ಆಮೇಲೆ ಎಲ್ಲೋ ಆಳದಲ್ಲಿ ಒಂದು ಹನಿ ನೀರು
ದಾರಿ ವಿಚಾರಿಸಿದ ಹಾಗೆ.

ಅವಳು ಎಲೆಅಡಿಕೆ ಆ ದವಡೆಯಿಂದ ಈ ದವಡೆಗೆ ಹಾಕಿ
'ಕರಗ್ತಾ ಐತೆ ಅನ್ನಿ, ಪಾಪ' ಅಂದಳು.
'ನಮ್ಮಪ್ಪ ಸಾಯೋಗಂಟ ರೈಲು ಹತ್ನಿಲ್ಲ.
ಸದ್ದು ಕೇಳಿ ಹೇಳೋನು, ಇದು ಮೈಸೂರಿಂದು, ಇದು ಬರೀ ಗೂಡ್ಸು.'
ಅಷ್ಟೇ. ಮೇಕೆಯೊಂದು ನನ್ನ ಟೋಪಿಯ ದಾರ ಜಗಿಯುತ್ತಿತ್ತು.

ತುದಿ.
ತೊಣ್ಣೂರು ಕೆರೆಯ ಕಡೆ ಮಂಜು,
ಗದ್ದೆ, ನಾಲೆ, ತೆಂಗಿನ ತಲೆ ಎಲ್ಲ ಮುಳುಗಿಸಿ
ಬೆಳ್ಳಗೆ, ಅಲುಗದೆ, ಕಣ್ಣು ಹೋಗುವ ತನಕ.
ಇದೇ ಅದು ಅಂದುಕೊಳ್ಳಬಹುದಿತ್ತು.
ಅಂದುಕೊಳ್ಳಲಿಲ್ಲ. ಇದು ಮಂಜು.
ಎಂಟಕ್ಕೆ ಹರಿದು, ಕೆಳಗೆ ಕಬ್ಬು ಕಾಣುತ್ತದೆ.
ಬಂಡೆಗೆ ಕಿವಿಯಿಟ್ಟೆ. ಏನೂ ಹೇಳಲಿಲ್ಲ.
ಕಿವಿ ತಣ್ಣಗಾಯಿತು.

ಇಳಿಯುವಾಗ ನೆನಪಾಯಿತು,
ಚಿಕ್ಕಬೋರಮ್ಮನ ಪಿಂಚಣಿ ಬಂದು ಎರಡು ದಿನ.
ಮೇಕೆಗಳು ಆಗಲೇ ಆಚೆ ಮಗ್ಗುಲಿಗೆ ಹೊರಳಿದ್ದವು.
ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದೆ:
ಬಂದಿದೆ! ದುಡ್ಡು ಬಂದಿದೆ!
ಬೆಟ್ಟ ಅದನ್ನು ಎರಡು ಸಲ ಹೇಳಿತು.
ಆಮೇಲೆ, ಎಲ್ಲಿಂದಲೋ, ಅವಳ ದನಿ:
'ಕೇಳುಸ್ತು ಕಣವ್ವಾ!'