ಐದೇಶಿಯ ಪೆನ್ನು

ರಾಜ ಊರಿನ ಕದಿರೆಲ್ಲ ತರಿಸಿ ಸುಟ್ಟ,
ಎಂದು ಆಯಿ ಹೇಳುವಾಗಲೂ ಅವಳ ಕೈಯಲ್ಲಿ
ಕೌದಿಯ ದಬ್ಬಣ ನಿಲ್ಲುತ್ತಿರಲಿಲ್ಲ.
ಎಲ್ಲಾ ಸುಟ್ಟಮ್ಯಾಲೆ ಮಂದಿ ಏನು ಉಟ್ಟರು ಆಯಿ?
ಸೊಲ್ಲಾಪುರದಿಂದ ತರಿಸಿರಬೇಕು ತಗೋ, ಎನ್ನುತ್ತಿದ್ದಳು
ಹಲ್ಲಲ್ಲಿ ದಾರ ಕಡಿದು.

ಒಂದು ಕದಿರು ಉಳಿದೇ ಉಳಿಯುತ್ತದೆ,
ಮಾಳಿಗೆಯ ಮೇಲೆ, ಮುದುಕಿಯೊಬ್ಬಳ ಮಗ್ಗುಲಲ್ಲಿ.
ಹುಡುಗಿಗೆ ಗೊತ್ತಿಲ್ಲ.
ಅವಳ ಬೆರಳಿಗೆ ಗೊತ್ತು ಅದರ ವಿಳಾಸ.

ನೀನ್ಯಾಕೆ ಸುಡಲಿಲ್ಲ ಎಂದು
ಆ ಮುದುಕಿಯನ್ನು ಯಾರೂ ಕೇಳಿದ್ದಿಲ್ಲ.
ಡಂಗುರ ಸಾರಿದ್ದು
ಅವಳಿಗೆ ತಿಳಿಯದ ಮಾತಿನಲ್ಲಿ ಇದ್ದೀತು.

ನನಗೆ ಹಾಗನ್ನಿಸುವುದು ಈಗ,
ಅಕ್ಕಲಕೋಟದ ತಹಸೀಲಿ ಕಚೇರಿ ಮುಂದೆ
ಬೇವಿನ ಕೆಳಗೆ ಮಡಚುವ ಮೇಜು ಹಾಕಿ ಕೂತಾಗ.
ಮೈಂದರ್ಗಿಯವರು, ದುಧನಿಯವರು
ಕನ್ನಡದಲ್ಲಿ ಅಳುತ್ತಾರೆ,
ನಾನು ಮರಾಠಿಯಲ್ಲಿ ಬರೆಯುತ್ತೇನೆ.
ಅರ್ಜಿಗೆ ಇಪ್ಪತ್ತು ರೂಪಾಯಿ.
ಅಳುವಿಗೆ ಕಾಲಮ್ಮು ಇಲ್ಲ.

ನಾನು ಹುಟ್ಟಿದ ಐದನೆ ರಾತ್ರಿ
ತಲೆಯ ಹತ್ತಿರ ಇಟ್ಟದ್ದು ಟಪಾಲಿನ ಢೋಲೆಯ ಪೆನ್ನು;
ನಮ್ಮ ಮನೆಯಲ್ಲಿ ಬರೆಯುವವರು ಯಾರಿದ್ದರು?
ನಾವು ಶೆಟಗೆವ್ವ ಅನ್ನುತ್ತೇವೆ, ಆಚೆ ಓಣಿಯವರು ಸಟವಾಯಿ;
ಬರುವವಳು ಒಬ್ಬಳೇ,
ಬರೆದು, ದೀಪ ಆರುವ ಮುಂಚೆ ಹೋಗುವವಳು.
ಬೆಳಗ್ಗೆ ಢೋಲೆ ಗೀಚಿ ನೋಡಿದ. ಮಸಿ ಇಲ್ಲ.
ಇದ್ದದ್ದೆಲ್ಲಾ ಕೂಸಿನ ಹಣಿಗೆ ಖರ್ಚಾತು, ಅಂದಳು ಅವ್ವ.
ಮೊದಲs ಖಾಲಿ ಇತ್ತು, ಬರೇ ಗೀರು ಬಿದ್ದಾವ, ಅಂದಳು ಆಯಿ.
ಇಬ್ಬರೂ ಹೋದರು. ಜಗಳ ಹರಿಯಲಿಲ್ಲ.

ಕುಂಕುಮ ತೊಳೆಯುವಾಗ
ಬೆರಳಿಗೆ ಏನೋ ತಡೆಯುತ್ತದೆ,
ಕನ್ನಡವೋ, ಮೋಡಿಯೋ,
ಚಿಕ್ಕಂದಿನಲ್ಲಿ ಅಮ್ಮ ಎದ್ದ ಕಲೆಯೋ.

ಇವತ್ತು ಪಕ್ಕದ ಸುಗಂಧಾಳ ಕೂಸಿಗೆ ಐದೇಶಿ.
ಅವಳ ಅತ್ತೆ ಬಂದು ನಿಂತಿದ್ದಾಳೆ:
ನಿನ್ನ ಪೆನ್ನು ಕೊಡವಾ, ಬರಿಯೋ ಕೈ ನಿಂದು.
ಚೀಲದಲ್ಲಿ ಎರಡಿವೆ.
ಒಂದು ಬೆಳಗ್ಗೆ ಕೊಂಡದ್ದು, ತುಂಬಿದ್ದು.
ಇನ್ನೊಂದು ಮಧ್ಯಾಹ್ನ
ಯಾರದೋ ಗಂಡನ ಹೆಸರಿನ ನಡುವೆ ನಿಂತದ್ದು.

ಎರಡನ್ನೂ ಅಂಗೈಯಲ್ಲಿ ಗೀಚುತ್ತೇನೆ.
ಒಂದು ನೀಲಿ.
ಒಂದು, ಚರ್ಮವನ್ನು ಗಳಿಗೆ ಬೆಳ್ಳಗೆ ಮಾಡುತ್ತದೆ,
ಚರ್ಮ ಮತ್ತೆ ಕೂಡಿಕೊಳ್ಳುತ್ತದೆ.

ಲಗೂನ ಕೊಡs, ಅನ್ನುತ್ತಾಳೆ,
ದೀಪಾ ಹಚ್ಚೋ ಹೊತ್ತಾತು.